ಕವಲೊಡೆಯುವ ಕಥೆಗಳು

ಕಥೆ ಕೇಳುವ ಮಕ್ಕಳು "ಮುಂದೇನಾಯಿತು?" ಎನ್ನುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅಮೆರಿಕದ ವಕೀಲ ಎಡ್ವರ್ಡ್ ಪ್ಯಾಕರ್ಡ್ ಅವರು ಮಲಗುವ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಕಥೆ ಹೇಳುತ್ತ, ಮುಂದಿನದು ಹೊಳೆಯದೆ ಹೋದಾಗ, ಆ ಪ್ರಶ್ನೆಯನ್ನು ಅವರಿಗೇ ತಿರುಗಿಸಿದರು. ಒಬ್ಬೊಬ್ಬಳು ಒಂದೊಂದು ದಾರಿ ಹೇಳಿದಳು. ಅದೇ ಜಾಡಿನಲ್ಲಿ 1969ರಲ್ಲಿ ಬರೆದ ಅವರ ಪುಸ್ತಕ ಅಚ್ಚು ಕಂಡದ್ದು 1976ರಲ್ಲಿ. 1979ರಲ್ಲಿ ಬಂದ 'ದಿ ಕೇವ್ ಆಫ್ ಟೈಮ್'ಗಂತೂ 40 ಮುಕ್ತಾಯಗಳು! ಆಡುವವರೇ ಒಂದು ಪಾತ್ರವಾಗಿ ನಡೆಯುವ ಇಂದಿನ ವಿಡಿಯೋ ಆಟಗಳ ಹಿಂದೆ ಇಂಥ ಪುಸ್ತಕಗಳೂ ಇವೆ.

ಇಲ್ಲೊಂದು ತೊಡಕುಂಟು. ಪ್ರತಿ ತಿರುವಿನಲ್ಲೂ ಎರಡು ದಾರಿಯಿಟ್ಟರೆ, ಹತ್ತು ತಿರುವು ಮುಗಿಯುವಷ್ಟರಲ್ಲಿ 1024 ಮುಕ್ತಾಯ ಬರೆಯಬೇಕು. ಒಮ್ಮೆ ಆಡಿದವರು ಕಾಣುವುದು ಒಂದನ್ನೇ. ಒಬ್ಬಿಬ್ಬರು ಕೂಡಿ ಮಾಡುವ ಸಣ್ಣ ಆಟಕ್ಕೆ ಇದು ಆಗದ ಮಾತು. ಆದ್ದರಿಂದ ಕವಲುಗಳನ್ನು ಸ್ವಲ್ಪ ದೂರ ಹರಿಯಬಿಟ್ಟು ಮತ್ತೆ ಒಂದೇ ಹಾದಿಗೆ ಕೂಡಿಸುತ್ತಾರೆ. ಹಾಗಾದರೆ ಆಯ್ಕೆಗೆ ಬೆಲೆಯೇನು ಉಳಿಯಿತು ಎಂದು ವಾಚಕರು ಕೇಳಬಹುದು.

ಉತ್ತರ 1982ರಷ್ಟು ಹಿಂದೆಯೇ ಕಾಗದದ ಮೇಲೆ ದೊರಕಿತ್ತು. ಬ್ರಿಟನ್ನಿನ ಸ್ಟೀವ್ ಜ್ಯಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಬರೆದ 'ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್' ಪುಸ್ತಕದಲ್ಲಿ 400 ತುಣುಕುಗಳು. ಓದಲು ದಾಳವೂ ಪೆನ್ಸಿಲ್ಲೂ ಬೇಕು. ಕೊನೆಗೊಂದು ಪೆಟ್ಟಿಗೆ. ಹಾದಿಯಲ್ಲಿ ಆರಿಸಿಕೊಂಡ ಬೀಗದ ಕೈಗಳ ಮೇಲಿನ ಅಂಕೆಗಳನ್ನು ಕೂಡಿದರೆ ಮುಂದೆ ಓದಬೇಕಾದ ತುಣುಕಿನ ಸಂಖ್ಯೆ! ತಪ್ಪು ಕೈ ತಂದವರ ಗತಿ ಹೇಳಬೇಕಾಗಿಲ್ಲ. ದಾರಿಗಳು ಕೂಡಿದರೂ ಬೀಗದ ಕೈ ಜೇಬಿನಲ್ಲಿಯೇ ಉಳಿಯುತ್ತದೆ. ಕಂಪ್ಯೂಟರು ಇದೇ ಲೆಕ್ಕವನ್ನು ಆಡುವವರ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳುತ್ತದೆ.

ಬಹುಪಾಲು ಟೋಬಿ ಫಾಕ್ಸ್ ಒಬ್ಬರೇ ಮಾಡಿದ 'ಅಂಡರ್‌ಟೇಲ್' (2015) ಈ ಲೆಕ್ಕವನ್ನು ಎಲ್ಲಿಗೆ ಮುಟ್ಟಿಸಿತೆಂದರೆ, ಎದುರಾದವರನ್ನು ಕೊಲ್ಲಲೂಬಹುದು, ಬಿಟ್ಟುಬಿಡಲೂಬಹುದು. ಆರಂಭದಲ್ಲಿ ಆಸರೆ ಕೊಟ್ಟ ತಾಯಿಯಂಥ ಪಾತ್ರವನ್ನು ಕೊಂದು, ಪಶ್ಚಾತ್ತಾಪದಿಂದ ಹಳೆಯ ಹಂತಕ್ಕೆ ಮರಳಿ ಆಕೆಯನ್ನು ಉಳಿಸಿದಿರೆನ್ನಿ. ಒಂದು ಹೂವು ಬಂದು, ನೀನು ಮಾಡಿದ್ದು ನನಗೆ ಗೊತ್ತು ಎಂದು ಹಂಗಿಸುತ್ತದೆ. ಸಾವಿರ ಮುಕ್ತಾಯಗಳಿಗಿಂತ ಈ ಒಂದು ಮಾತು ಹೆಚ್ಚು ಚುಚ್ಚುತ್ತದೆಂದು ನಮ್ಮ ಅನಿಸಿಕೆ.

ಕ್ರಿಸ್ ಕ್ಲೀಮಸ್ 2009ರಲ್ಲಿ ಹೊರತಂದ 'ಟ್ವೈನ್' ಎಂಬ ಉಚಿತ ಸಾಧನದಿಂದ, ಪ್ರೋಗ್ರಾಮಿಂಗ್ ಬಾರದವರೂ ಕವಲು ಕಥೆ ಕಟ್ಟಬಹುದು. ಬರೆದದ್ದು ವೆಬ್ ಪುಟವಾಗಿ ಹೊರಬರುವುದರಿಂದ ಕನ್ನಡ ಅಕ್ಷರಗಳಿಗೆ ಅಡ್ಡಿಯಿಲ್ಲ. ಶಾಲೆಯಲ್ಲಿ ಬೇರೆ ಭಾಷೆ ಓದಿ, ಕನ್ನಡವನ್ನು ಮನೆಯಲ್ಲಷ್ಟೇ ಆಡುವ ನಮ್ಮ ಮಕ್ಕಳು ಈ ರಜೆಯಲ್ಲಿ ಮೂರು ತಿರುವಿನ ಕಥೆಯೊಂದಕ್ಕೆ ಕೂತರೆ, ಬರೆಯಬೇಕಾದದ್ದು ಎಂಟೇ ಮುಕ್ತಾಯ.