ಹೊಸ್ತಿಲು ದಾಟಿ ಬಂದ ಪಾತ್ರೆ

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಒಂದು ಫಲಕ ಸಾಮಾನ್ಯ: ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ. ಘಾಟ್ಕೋಪರ್ ಪೂರ್ವದ ಪಂತ್ ನಗರ, ಗರೋಡಿಯಾ ನಗರದ ಕಡೆ ಅಡ್ಡಾಡಿದರೂ ಇಂಥ ಫಲಕಗಳು ಕಾಣುತ್ತವೆ. ಆದರೆ ಇಂಥ ಕಟ್ಟಡಗಳ ಅಡುಗೆಮನೆಗಳಲ್ಲೇ ಅಂಗಡಿಯ ಮುಖ ನೋಡದ ಪಾತ್ರೆಗಳೂ ಇವೆ. ದಪ್ಪ ತಳದ ಸ್ಟೀಲ್ ಬಾಣಲೆ, ಅದರ ಮೇಲೆ ಅಲುಗಾಡದೆ ಕೂರುವ ಮುಚ್ಚಳ, ನಡುವೆ ಒತ್ತಿದರೆ ಗಾಳಿ ಬಿಡುವ ಪ್ಲಾಸ್ಟಿಕ್ ಡಬ್ಬಿ. ಇವು ವಾಚ್‌ಮನ್‌ನ ಕಣ್ಣು ತಪ್ಪಿಸಿ ಒಳಗೆ ಬಂದವಲ್ಲ. ಮಾರುವವರು ಹೊರಗಿನಿಂದ ಬರಲೇ ಇಲ್ಲ, ಮೂರನೇ ಮಹಡಿಯಿಂದ ಇಳಿದು ಬಂದರು.

ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಿ, ಒಲೆ ಹಚ್ಚಿ, ಅಡುಗೆ ಮಾಡಿ ತೋರಿಸಿ ಪಾತ್ರೆ ಮಾರುವ ಪದ್ಧತಿಯ ಚರಿತ್ರೆಯನ್ನು ಕಂಪನಿಗಳ ಚರಿತ್ರೆಯಾಗಿ ಓದಬಹುದು. ಅದನ್ನು ನೆರೆಹೊರೆಯ ಚರಿತ್ರೆಯಾಗಿಯೂ ಓದಬಹುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಎರಡನೆಯ ಓದು ಹೆಚ್ಚು ಮುಖ್ಯ, ಏಕೆಂದರೆ ಅಲ್ಲಿ ಬಂಡವಾಳವಾಗಿ ಬಳಕೆಯಾದದ್ದು ದುಡ್ಡಲ್ಲ, ಪರಿಚಯ.

ಮುಂಬಯಿಯ ಮಟ್ಟಿಗೆ ಪಾತ್ರೆ ಮನೆಬಾಗಿಲಿಗೆ ಬರುವುದು ಹೊಸದೇನೂ ಆಗಿರಲಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆ ಬೇಕಿದ್ದವರು ಪಾಯಧುನಿಯ ತಾಂಬಾಕಾಟಾಕ್ಕೆ ಹೋಗುತ್ತಿದ್ದರು. ಆ ಪಾತ್ರೆಗಳ ಒಳಮೈಗೆ ಕಲಾಯಿ ಹಾಕುವವನು ಬೀದಿಗೇ ಬರುತ್ತಿದ್ದ. ಸ್ಟೀಲ್ ಬಂದ ಮೇಲೆ ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತ ಬೋಹಾರಿಣ್‌ಳ ಕೂಗು ಚಾಳಿನ ಮಧ್ಯಾಹ್ನಗಳ ಭಾಗವಾಯಿತು. ಹೆಚ್ಚಾಗಿ ವಾಘ್ರಿ ಸಮುದಾಯದ ಈ ಹೆಂಗಸರು ಹಳೆ ಸೀರೆ, ಪ್ಯಾಂಟುಗಳನ್ನು ತೆಗೆದುಕೊಂಡು ಬದಲಿಗೆ ತಟ್ಟೆಯನ್ನೋ ಡಬ್ಬಿಯನ್ನೋ ಕೊಡುತ್ತಿದ್ದರು. ಬಟ್ಟೆ ಮುಂದೆ ಹಳೆ ಬಟ್ಟೆಯ ಸಂತೆಗೆ ಹೋಗುತ್ತಿತ್ತು. ಆ ವ್ಯಾಪಾರದಲ್ಲಿ ಚೌಕಾಸಿ ಜೋರು, ಜಗಳವೂ ಉಂಟು. ಆದರೆ ಅದು ಹೊಸ್ತಿಲಲ್ಲೇ ಮುಗಿಯುತ್ತಿತ್ತು. ಸರಿಬರದಿದ್ದರೆ ‘ಬೇಡ’ ಎಂದು ಬಾಗಿಲು ಹಾಕಿಕೊಳ್ಳಬಹುದಿತ್ತು, ಅವಳೂ ಪಕ್ಕದ ಮನೆಗೆ ಹೋಗುತ್ತಿದ್ದಳು. ಯಾರಿಗೂ ಮುಜುಗರವಿರಲಿಲ್ಲ.

ತಟ್ಟೆ ಲೋಟಗಳನ್ನು ಕೊಳ್ಳಲು ವಿವರಣೆ ಬೇಡ. ಬಳಸುವ ಬಗೆ ಗೊತ್ತಿಲ್ಲದ ಪಾತ್ರೆಯನ್ನು ಮಾತ್ರ ತೋರಿಸಿಯೇ ಮಾರಬೇಕು. ಪ್ರೆಶರ್ ಕುಕ್ಕರ್ ಅಂಥದ್ದು. 1959ರಲ್ಲಿ ಹಾಕಿನ್ಸ್ ಕಂಪನಿ ಮುಂಬಯಿಯಲ್ಲಿ ಶುರುವಾಯಿತು. ಘಾಟ್ಕೋಪರ್‌ನಿಂದ ಅದೇ ರೈಲು ಮಾರ್ಗದಲ್ಲಿ ಮುಂದಿರುವ ಠಾಣೆಯಲ್ಲಿ ಅದರ ಕಾರ್ಖಾನೆ ಇದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಟಿಟಿಕೆಯವರ ಪ್ರೆಸ್ಟೀಜ್ ಕುಕ್ಕರ್ ಬೆಂಗಳೂರಿನಲ್ಲಿ ತಯಾರಾಗತೊಡಗಿತು. ಕುಕ್ಕರ್ ಸಿಡಿಯುತ್ತದೆ ಎಂಬ ಭಯ ಬಹಳ ಕಾಲ ಇತ್ತು, ಮತ್ತು ಅದು ಪೂರ್ತಿ ಸುಳ್ಳು ಭಯವೂ ಆಗಿರಲಿಲ್ಲ. ನಕಲಿ ಬಿಡಿಭಾಗ ಹಾಕಿದ ಕುಕ್ಕರ್‌ಗಳು ಸಿಡಿದದ್ದುಂಟು. ಅದಕ್ಕೆ ಪರಿಹಾರವಾಗಿಯೇ ಟಿ.ಟಿ. ಜಗನ್ನಾಥನ್, ಒತ್ತಡ ಮಿತಿ ಮೀರಿದಾಗ ಗ್ಯಾಸ್ಕೆಟ್ ಮುಚ್ಚಳದ ಅಂಚಿನ ಸೀಳಿನಿಂದ ಹೊರಚಾಚಿ ಹಬೆ ಬಿಡುವ ವ್ಯವಸ್ಥೆ ತಂದರು. ಆದರೂ ಮೊದಲ ಸೀಟಿಗೆ ಧೈರ್ಯ ಕೊಟ್ಟದ್ದು ಜಾಹೀರಾತಿಗಿಂತ ಹೆಚ್ಚಾಗಿ ಪಕ್ಕದ ಮನೆಯ ಕುಕ್ಕರ್. ಪಕ್ಕದವಳು ದಿನಾ ಬೇಳೆ ಬೇಯಿಸುತ್ತಾಳೆ, ಏನೂ ಆಗಿಲ್ಲ ಎಂಬುದಕ್ಕಿಂತ ದೊಡ್ಡ ಪ್ರಾತ್ಯಕ್ಷಿಕೆ ಬೇರೆ ಇಲ್ಲ.

ಈ ಸತ್ಯವನ್ನು ವ್ಯಾಪಾರದ ಸೂತ್ರವನ್ನಾಗಿ ಮಾಡಿದ್ದು ಅಮೆರಿಕ. ಅಲ್ಲಿ ಕಳೆದ ಶತಮಾನದ ಆರಂಭದಲ್ಲಿ ಅಲ್ಯೂಮಿನಿಯಂ ಪಾತ್ರೆ ಹೊಸತು. ವೇರ್‌ಎವರ್ ಎಂಬ ಹೆಸರಿನ ಪಾತ್ರೆಗಳನ್ನು ಕಾಲೇಜು ಹುಡುಗರು ಮನೆಮನೆಗೆ ಒಯ್ದು, ಅಡುಗೆ ಮಾಡಿ ತೋರಿಸಿ ಮಾರಿದರು. ಒಂದೊಂದೇ ಮನೆಗೆ ಹೋಗುವುದಕ್ಕಿಂತ ಒಬ್ಬ ಗೃಹಿಣಿ ತನ್ನ ಗೆಳತಿಯರನ್ನು ಕರೆದರೆ ಕೆಲಸ ಸುಲಭ ಎಂಬುದು ಕ್ರಮೇಣ ಹೊಳೆಯಿತು. 1931ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಈ ಕ್ರಮವನ್ನೇ ಮುಖ್ಯ ದಾರಿ ಮಾಡಿಕೊಂಡಿತು. ಅಲ್ಲಿ ಪಳಗಿದ ಬ್ರೌನಿ ವೈಸ್ ಎಂಬ ಹೆಂಗಸು ಟಪ್ಪರ್‌ವೇರ್‌ಗೆ ಬಂದಳು. ಅರ್ಲ್ ಟಪ್ಪರ್ ಮಾಡಿದ ಡಬ್ಬಿಗಳು ಅಂಗಡಿಯಲ್ಲಿ ಹೋಗುತ್ತಿರಲಿಲ್ಲ, ಮುಚ್ಚಳ ಹಾಕುವ ಬಗೆಯೇ ಜನರಿಗೆ ತಿಳಿಯುತ್ತಿರಲಿಲ್ಲ. ವೈಸ್‌ಳ ಪಾರ್ಟಿಗಳಲ್ಲಿ ಅವೇ ಡಬ್ಬಿಗಳು ಭರದಿಂದ ಖರ್ಚಾದವು. 1951ರಲ್ಲಿ ಕಂಪನಿ ಅಂಗಡಿಗಳಿಂದ ಸರಕನ್ನೇ ವಾಪಸು ತೆಗೆದುಕೊಂಡಿತು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ ಆಕೆ. 1958ರಲ್ಲಿ ಟಪ್ಪರ್ ಆಕೆಯನ್ನು ಕೆಲಸದಿಂದ ತೆಗೆದ, ಅದೇ ವರ್ಷ ಕಂಪನಿಯನ್ನು ಮಾರಿದ. ವೈಸ್‌ಳ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ, ಸಿಕ್ಕಿದ್ದು ಒಂದು ವರ್ಷದ ಸಂಬಳ. ಹೆಂಗಸರ ಸ್ನೇಹದ ಮೇಲೆ ಕಟ್ಟಿದ ವ್ಯಾಪಾರದ ಒಡೆತನ ಹೆಂಗಸರದ್ದಾಗಿರಲಿಲ್ಲ ಎಂಬುದು ಈ ಚರಿತ್ರೆಯ ಮೊದಲ ಪಾಠ.

ಭಾರತದಲ್ಲಿ ಮನೆಯೊಳಗಿನ ಡೆಮೊವನ್ನು ಮಧ್ಯಮವರ್ಗಕ್ಕೆ ರೂಢಿ ಮಾಡಿಸಿದ್ದು 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್. ಟೈ ಕಟ್ಟಿದ ಹುಡುಗರು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಬಂದು, ನಮ್ಮದೇ ಹಾಸಿಗೆಯ ಧೂಳನ್ನು ನಮಗೇ ತೋರಿಸಿದರು. ಆದರೂ ಅವರು ಹೊರಗಿನವರು. 1991ರ ಉದಾರೀಕರಣದ ನಂತರ ಬಂದವರದ್ದು ಬೇರೆ ದಾರಿ. 1995ರಲ್ಲಿ ಒರಿಫ್ಲೇಮ್, 1996ರಲ್ಲಿ ಟಪ್ಪರ್‌ವೇರ್, 1998ರಲ್ಲಿ ಆಮ್ವೇ. ಆಮ್ವೇಯ ಸರಕಿನಲ್ಲಿ ಸೋಪು, ವಿಟಮಿನ್ನುಗಳ ಜೊತೆಗೆ ‘ಕ್ವೀನ್’ ಹೆಸರಿನ ಸ್ಟೀಲ್ ಪಾತ್ರೆಗಳ ಸೆಟ್ಟೂ ಬಂತು. ಟಪ್ಪರ್‌ವೇರ್ ಇಲ್ಲಿ ಹೆಂಗಸರ ಮೂಲಕವೇ ಮಾರಿತು, ನಮ್ಮ ಅಡುಗೆಗೆ ಹೊಂದುವಂತೆ ಮಸಾಲೆ ಡಬ್ಬಿಯನ್ನೂ ಮಾಡಿತು.

ಅಮೆರಿಕದ ಪಾರ್ಟಿ ಮುಂಬಯಿಯಲ್ಲಿ ಇಷ್ಟು ಬೇಗ ಹೊಂದಿಕೊಂಡದ್ದೇಕೆ? ಅಚ್ಚು ಇಲ್ಲಿ ಮೊದಲೇ ಸಿದ್ಧವಾಗಿತ್ತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮರಾಠಿ ಮನೆಗಳಲ್ಲಿ ಹಳದಿ ಕುಂಕುಮ ನಡೆಯುತ್ತದೆ. ಹೆಂಗಸರನ್ನು ಕರೆದು, ಎಳ್ಳುಂಡೆ ಕೊಟ್ಟು, ಕೊನೆಗೆ ‘ವಾಣ’ ಎಂದು ಒಂದು ಸಣ್ಣ ಸ್ಟೀಲ್ ಬಟ್ಟಲನ್ನೋ ಡಬ್ಬಿಯನ್ನೋ ಕೈಗಿಡುತ್ತಾರೆ. ನಮ್ಮ ಕಡೆಯ ಅರಿಸಿನ ಕುಂಕುಮಕ್ಕೆ ಇದು ಹತ್ತಿರದ ನೆಂಟ. ಪಾತ್ರೆಗೆ ಹೆಸರು ಕೊರೆಸಿ ಕೊಡುವ ರೂಢಿ ಇಬ್ಬರಲ್ಲೂ ಇದೆ. ಜೊತೆಗೆ ಕಟ್ಟಡದ ಹೆಂಗಸರ ಭಿಶಿ, ಎಂದರೆ ನಮ್ಮ ಚೀಟಿ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುವುದು, ತಿಂಡಿ, ಹರಟೆ, ದುಡ್ಡಿನ ಲೆಕ್ಕ. ಕರೆಯುವ ಮನೆಯವಳು, ಬರಲೇಬೇಕಾದ ಅತಿಥಿಗಳು, ತಿಂಡಿ, ಕೈಗೊಂದು ಉಡುಗೊರೆ, ಮುಂದಿನ ಸಲ ಯಾರ ಮನೆ ಎಂಬ ತೀರ್ಮಾನ: ಕಂಪನಿಗಳ ಕೈಪಿಡಿಯಲ್ಲಿದ್ದ ಅಂಶಗಳೆಲ್ಲ ಹಾಲ್‌ನ ಚಾಪೆಯ ಮೇಲೆ ಆಗಲೇ ಕೂತಿದ್ದವು. ಒಂದೇ ವ್ಯತ್ಯಾಸ. ವಾಣವನ್ನು ಕೊಟ್ಟವಳು ಮುಂದಿನ ವರ್ಷ ಪಡೆಯುತ್ತಾಳೆ, ಲೆಕ್ಕ ಅಲ್ಲಲ್ಲಿಗೆ ಸರಿಹೋಗುತ್ತದೆ. ಪಾರ್ಟಿಯ ಲೆಕ್ಕದಲ್ಲಿ ಒಂದು ಪಾಲು ಕಟ್ಟಡದಿಂದ ಹೊರಗೆ, ಮೇಲಕ್ಕೆ ಹೋಗುತ್ತದೆ.

ಡೆಮೊದಲ್ಲಿ ನಿಜಕ್ಕೂ ನೋಡುವಂಥದ್ದು ಇರುತ್ತಿತ್ತು. ನೀರು ಹಾಕದೆ ತರಕಾರಿ ಬೇಯಿಸುವುದು ಮೊದಲ ಆಟ. ಅದರಲ್ಲಿ ಮೋಸವಿಲ್ಲ. ಬಹುತೇಕ ತರಕಾರಿಗಳ ತೂಕದಲ್ಲಿ 80ರಿಂದ 90 ಭಾಗ ನೀರೇ. ದಪ್ಪ ತಳ ಶಾಖವನ್ನು ಸಮವಾಗಿ ಹರಡುತ್ತದೆ, ಬಿಗಿ ಮುಚ್ಚಳ ಹಬೆಯನ್ನು ಹಿಡಿದಿಡುತ್ತದೆ, ಸಣ್ಣ ಉರಿಯಲ್ಲಿ ಪಲ್ಯ ತನ್ನ ನೀರಿನಲ್ಲೇ ಬೇಯುತ್ತದೆ. ಉರಿಯನ್ನು ಬೇಕಾದಷ್ಟೇ ಇಳಿಸಲು ಬರುವ ಗ್ಯಾಸ್ ಒಲೆ ಮನೆಮನೆಗೂ ಬಂದಿದ್ದರಿಂದ ಇದನ್ನು ಯಾರ ಅಡುಗೆಮನೆಯಲ್ಲಾದರೂ ತೋರಿಸಬಹುದಿತ್ತು. ಎರಡನೆಯ ಆಟ ಅಡುಗೆ ಸೋಡಾದ್ದು. ಸೋಡಾ ಹಾಕಿದ ನೀರನ್ನು ಮನೆಯವರ ಅಲ್ಯೂಮಿನಿಯಂ ಪಾತ್ರೆಯಲ್ಲೂ ಮಾರಾಟದ ಸ್ಟೀಲ್ ಪಾತ್ರೆಯಲ್ಲೂ ಕುದಿಸಿ, ಎರಡನ್ನೂ ಚಮಚೆಯಲ್ಲಿ ರುಚಿ ನೋಡಿಸುವುದು. ಮೊದಲನೆಯದು ಬಾಯಿಗಿಡಲಾಗದಷ್ಟು ಕೆಟ್ಟದಾಗಿರುತ್ತದೆ. ಕುದಿದಾಗ ಅಡುಗೆ ಸೋಡಾ ಇನ್ನಷ್ಟು ಪ್ರಬಲ ಕ್ಷಾರವಾಗುತ್ತದೆ, ಅಲ್ಯೂಮಿನಿಯಂ ಕ್ಷಾರದಲ್ಲಿ ಕರಗುತ್ತದೆ. ರಸಾಯನಶಾಸ್ತ್ರ ಸರಿಯೇ. ಆದರೆ ಅಷ್ಟು ಸೋಡಾ ಹಾಕಿ ಯಾರೂ ಸಾರು ಮಾಡುವುದಿಲ್ಲ. ಪಾತ್ರೆಯ ಗುಣ ತೋರಿಸಲು ಮೊದಲ ಆಟ ಸಾಕಿತ್ತು. ಎರಡನೆಯದು ಬೇಕಾದದ್ದು, ಇಷ್ಟು ವರ್ಷ ಮಕ್ಕಳಿಗೆ ಏನು ಉಣಿಸಿದೆನೋ ಎಂಬ ಅಳುಕನ್ನು ತಾಯಂದಿರ ಮನಸ್ಸಿನಲ್ಲಿ ಹುಟ್ಟಿಸಲು.

ಇನ್ನು ನಮ್ಮವರ ವಿಷಯ. ಮುಂಬಯಿ ಕನ್ನಡಿಗರು ಸಂಘ ಕಟ್ಟುವುದರಲ್ಲಿ ಹಳಬರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಿಂದ ಹಿಡಿದು ಘಾಟ್ಕೋಪರ್‌ನ ಕನ್ನಡ ವೆಲ್ಫೇರ್ ಸೊಸೈಟಿಯವರೆಗೆ ಇವೆಲ್ಲ ಊರನ್ನು ಇಲ್ಲೇ ಕಟ್ಟಿಕೊಳ್ಳುವ ಪ್ರಯತ್ನಗಳು. ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ಗಂಡಸರಿಗೆ ಹೊರಗಿನ ಪರಿಚಯ ತಾನಾಗಿ ಬೆಳೆಯುತ್ತಿತ್ತು. ಮದುವೆಯಾಗಿ ಉಡುಪಿಯಿಂದಲೋ ಧಾರವಾಡದಿಂದಲೋ ಬಂದ ಹೆಂಗಸಿಗೆ ಕನ್ನಡದ ನಾಲ್ಕು ಮನೆಗಳೇ ನಗರ. ಅಂಥವಳಿಗೆ ಈ ಮಾರಾಟ ಕೊಟ್ಟದ್ದು ಸಣ್ಣದಲ್ಲ: ತನ್ನದೇ ಎನ್ನುವ ದುಡ್ಡು, ಗುಜರಾತಿ ನೆರೆಯವಳ ಬಾಗಿಲು ತಟ್ಟಲು ಒಂದು ಕಾರಣ, ಹತ್ತು ಜನರ ಎದುರು ಹಿಂದಿಯಲ್ಲಿ ಅರ್ಧ ಗಂಟೆ ಮಾತಾಡುವ ಧೈರ್ಯ. ಕಮಿಷನ್ನಿನ ಲೆಕ್ಕದಲ್ಲಿ ಇವು ಕಾಣುವುದಿಲ್ಲ.

ಆದರೆ ಬೆಲೆಯನ್ನೂ ಅದೇ ನಾಲ್ಕು ಮನೆಗಳೇ ತೆರಬೇಕಿತ್ತು. “ಅಕ್ಕ, ಸುಮ್ಮನೆ ಬಂದು ನೋಡಿ ಹೋಗಿ, ತಗೊಳ್ಳಲೇಬೇಕು ಅಂತೇನಿಲ್ಲ” ಎನ್ನುವ ಕರೆಯ ಅರ್ಥ ಇಬ್ಬರಿಗೂ ಗೊತ್ತು. ಬೋಹಾರಿಣ್‌ಗೆ ‘ಬೇಡ’ ಎಂದಷ್ಟು ಸಲೀಸಾಗಿ, ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವಳಿಗೆ ಹೇಳಲಾಗದು. ಊರಿನಲ್ಲಿ ಸಂಬಂಧಗಳು ಹಲವು, ಒಂದು ಹಳಸಿದರೆ ಇನ್ನೊಂದಿದೆ. ಪರವೂರಿನಲ್ಲಿ ಇರುವವೇ ಕೆಲವು. ಅವುಗಳಲ್ಲೊಂದನ್ನು ಸಾವಿರಾರು ರೂಪಾಯಿಯ ಬಾಣಲೆ ಸೆಟ್ಟಿನ ಜೊತೆ ತೂಗಿದಾಗ, ಕೊಂಡವಳೂ ಕೊಳ್ಳದವಳೂ ಏನನ್ನೋ ಕಳೆದುಕೊಂಡಿದ್ದಾರೆ. ಇನ್ನೊಮ್ಮೆ ಕರೆದಾಗ ತಲೆನೋವಿನ ನೆಪ, ಲಿಫ್ಟಿನಲ್ಲಿ ಸಿಕ್ಕಾಗ ಅರೆನಗೆ.

ಪಾತ್ರೆಗಿಂತ ‘ಸೇರ್ಪಡೆ’ ಮುಖ್ಯವಾದಾಗ ವಿಷಯ ಇನ್ನೂ ಬಿಗಡಾಯಿಸಿತು. ನೀವು ಮಾರಿ, ಮಾರುವವರನ್ನೂ ಸೇರಿಸಿ, ಅವರ ಮಾರಾಟದಲ್ಲೂ ಪಾಲು ಪಡೆಯಿರಿ ಎಂಬ ಲೆಕ್ಕ ಕಾಗದದ ಮೇಲೆ ಸೊಗಸು. ಒಬ್ಬರು ಆರು ಜನರನ್ನು, ಆ ಆರು ಜನ ತಲಾ ಆರು ಜನರನ್ನು ಸೇರಿಸುತ್ತ ಹೋದರೆ ಆರನೇ ಸುತ್ತಿಗೆ ಬೇಕಾಗುವ ಹೊಸಬರು 46,656. ಯಾವ ಕನ್ನಡ ಬಳಗಕ್ಕೆ ಅಷ್ಟು ಜನರಿದ್ದಾರೆ? 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ ಅಡಿ ಆಂಧ್ರ, ಕೇರಳಗಳಲ್ಲಿ ಆಮ್ವೇ ಮೇಲೆ ಮೊಕದ್ದಮೆಗಳಾದವು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ, ಇದು ಪಿರಮಿಡ್ ಮಾದರಿಯ ವಂಚನೆ ಎಂದು ಆರೋಪಿಸಿ, ಕಂಪನಿಯ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ತನಿಖೆಗೆ ಸಹಕರಿಸುತ್ತಿರುವುದಾಗಿ ಕಂಪನಿ ಹೇಳಿತು. ಅದಕ್ಕೂ ಮೊದಲೇ, 2021ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮಗಳನ್ನು ತಂದಿತ್ತು. ಪಿರಮಿಡ್ ಯೋಜನೆ ನಿಷಿದ್ಧ. ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇಲ್ಲದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ.

ನಿಯಮ ಒಳ್ಳೆಯದೇ. ಆದರೆ ಅದನ್ನು ಬರೆದವರ ಕಣ್ಣಮುಂದೆ ಇದ್ದದ್ದು ಅಪರಿಚಿತ ಸೇಲ್ಸ್‌ಮನ್. ಪಕ್ಕದ ಮನೆಯವಳು ಗುರುತಿನ ಚೀಟಿ ತೋರಿಸಿ ಬರುವುದಿಲ್ಲ, ಕೊತ್ತಂಬರಿ ಸೊಪ್ಪು ಕೇಳಲು ಬಂದವಳು ಮಾತಿನ ನಡುವೆ ಡಬ್ಬಿಯ ವಿಷಯ ತೆಗೆಯುತ್ತಾಳೆ. ಪಾರ್ಟಿ ಪದ್ಧತಿಯ ಶಕ್ತಿ ಇದ್ದದ್ದೇ ಅಲ್ಲಿ, ಕಾನೂನಿನ ಕೈ ಅಲ್ಲಿಗೆ ತಲುಪದು.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟಪ್ಪರ್‌ವೇರ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಂಥ ಡಬ್ಬಿಗಳು ಈಗ ಆ್ಯಪ್ ಒತ್ತಿದರೆ ಅರ್ಧದಷ್ಟು ಬೆಲೆಗೆ ಮನೆಗೆ ಬರುತ್ತವೆ, ತಂದವನ ಮುಖವನ್ನೂ ನೋಡಬೇಕಿಲ್ಲ. ಡೆಮೊ ಯೂಟ್ಯೂಬಿಗೆ ಹೋಗಿದೆ. ‘ಅಕ್ಕ, ಸುಮ್ಮನೆ ಒಮ್ಮೆ ನೋಡಿ’ ಎನ್ನುವ ಕರೆ ವಾಟ್ಸಾಪ್ ಗುಂಪಿಗೆ ಬಂದಿದೆ. ಅಲ್ಲಿ ಈಗ ಪಾತ್ರೆಯ ಬದಲು ವಿಮೆ, ತೂಕ ಇಳಿಸುವ ಪುಡಿ, ಆನ್‌ಲೈನ್ ಕೋರ್ಸು. ಕೆಲಸಕ್ಕೆಂದೋ ಓದಿಗೆಂದೋ ನಗರಕ್ಕೆ ಬಂದ ಹುಡುಗ ಹುಡುಗಿಯರಿಗೆ ಊರಿನವರೊಬ್ಬರು ಕಾಫಿಗೆ ಕರೆದಾಗ ಖುಷಿಯ ಜೊತೆಗೇ ಒಂದು ಅನುಮಾನವೂ ಹುಟ್ಟುತ್ತದಲ್ಲ, ಅದು ಈ ಚರಿತ್ರೆ ಬಿಟ್ಟುಹೋದ ಉಳಿಕೆ. ದಪ್ಪ ತಳದ ಆ ಬಾಣಲೆಗಳು ಮಾತ್ರ ಹಲವು ಮನೆಗಳಲ್ಲಿ ಇನ್ನೂ ಗಟ್ಟಿಯಾಗಿವೆ, ಪಲ್ಯವನ್ನು ಚೆನ್ನಾಗಿಯೇ ಬೇಯಿಸುತ್ತವೆ.