ಅನ್ಯೋ ನುಯೆವೋ: ಆನೆ ಸೀಲ್‌ಗಳ ಚಳಿಗಾಲದ ದಡ

ಕ್ಯಾಲಿಫೋರ್ನಿಯಾದ ಅನ್ಯೋ ನುಯೆವೋ ಉದ್ಯಾನದ ಮರಳುದಿಬ್ಬಗಳಿಗೆ ಪ್ರತಿ ಡಿಸೆಂಬರಿನಲ್ಲಿ ಉತ್ತರದ ಆನೆ ಸೀಲ್‌ಗಳು ಬರುತ್ತವೆ. ಮೊದಲು ದಡ ಹತ್ತುವುದು ಗಂಡುಗಳು. ಸೊಂಡಿಲಿನಂತೆ ಜೋತುಬಿದ್ದ ಮೂಗು, 2,000 ಕಿಲೋ ಮೀರಬಲ್ಲ ದೇಹ. ಎದೆಗೆ ಎದೆ ಕೊಟ್ಟು ಕಾದಾಡಿ ಗೆದ್ದ ಗಂಡು ಹೆಣ್ಣುಗಳ ಹಿಂಡಿನ ಮೇಲೆ ಹಿಡಿತ ಪಡೆಯುತ್ತದೆ. ಹೆಣ್ಣುಗಳು ಬಂದ ಕೆಲವೇ ದಿನಗಳಲ್ಲಿ ಒಂದೊಂದು ಮರಿ ಹಾಕುತ್ತವೆ. ಹುಟ್ಟಿದಾಗ ಸುಮಾರು 35 ಕಿಲೋ ಇರುವ ಮರಿ, ನಾಲ್ಕು ವಾರ ಕುಡಿದ ಗಟ್ಟಿ ಹಾಲಿನಿಂದ ಅದರ ಮೂರು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಅಷ್ಟೂ ದಿನ ತಾಯಿ ಏನನ್ನೂ ತಿನ್ನದೆ, ತನ್ನ ಮೈಯ ಕೊಬ್ಬನ್ನೇ ಕರಗಿಸಿ ಉಣಿಸುತ್ತದೆ. ಈ ದಡದಲ್ಲಿ ಇದಕ್ಕಿಂತ ಮನ ಕಲಕುವ ನೋಟ ಇನ್ನೊಂದಿಲ್ಲ.

ಈ ಪ್ರಾಣಿ ಉಳಿದದ್ದೇ ಅಚ್ಚರಿ. 19ನೇ ಶತಮಾನದಲ್ಲಿ ಎಣ್ಣೆಗಾಗಿ ನಡೆದ ಬೇಟೆಯಿಂದ ಪಾರಾದದ್ದು ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಸಣ್ಣ ಗುಂಪು ಮಾತ್ರ. 1922ರಲ್ಲಿ ಮೆಕ್ಸಿಕೋ ರಕ್ಷಣೆ ನೀಡಿದ ಮೇಲೆ ಸಂತತಿ ಹೆಚ್ಚಿ ಉತ್ತರಕ್ಕೆ ಹಬ್ಬಿತು. ಅನ್ಯೋ ನುಯೆವೋ ದಡದ ಎದುರಿನ ದ್ವೀಪದಲ್ಲಿ 1955ರಲ್ಲಿ ಸೀಲ್‌ಗಳು ಕಾಣಿಸಿಕೊಂಡವು. 1961ರಲ್ಲಿ ಅಲ್ಲಿ ಮರಿ ಹುಟ್ಟಿತು; 1975ರಲ್ಲಿ ಈ ದಡದಲ್ಲೂ.

ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಸೀಲ್‌ಗಳ ಜಾಗಕ್ಕೆ ಮಾರ್ಗದರ್ಶಕರ ಜೊತೆಗೆ ಮಾತ್ರ ಪ್ರವೇಶ. ನಡಿಗೆ ಸುಮಾರು 5 ಕಿ.ಮೀ., ಒಂದಷ್ಟು ದೂರ ಕಾಲು ಹೂತುಹೋಗುವ ಮರಳು. ಸೀಲ್‌ಗಳಿಂದ ಕನಿಷ್ಠ 25 ಅಡಿ ದೂರವಿರಬೇಕು; ನಿದ್ರಿಸುವಂತೆ ಕಾಣುವ ಗಂಡು ಥಟ್ಟನೆ ಮುನ್ನುಗ್ಗಬಲ್ಲದು.