ಕಂಠೀರವದಲ್ಲಿ ಎರಡು ಕೆಂಪು ಕಾರ್ಡು

ನಮ್ಮ ಅಮೃತಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು, ಹೆಬ್ಬಾಳ ದಾಟಿ ನಗರದೊಳಕ್ಕೆ ಹೋದರೆ ಸಿಗುವ ಕಂಠೀರವ ಕ್ರೀಡಾಂಗಣವನ್ನು ನೀವು ಕಂಡೇ ಇರುತ್ತೀರಿ. 2023ರ ಜೂನ್ 21ರಿಂದ ಜುಲೈ 4ರವರೆಗೆ ಅಲ್ಲಿ ದಕ್ಷಿಣ ಏಷ್ಯಾ ಫುಟ್ಬಾಲ್ ಚಾಂಪಿಯನ್‌ಷಿಪ್, ಅಂದರೆ ಸ್ಯಾಫ್ ಪಂದ್ಯಾವಳಿ ನಡೆಯಿತು. ಸುನಿಲ್ ಛೆಟ್ರಿ ಹೊಡೆದ ಗೋಲುಗಳು ಎಲ್ಲರಿಗೂ ನೆನಪಿವೆ. ನಾನು ಹೇಳಹೊರಟಿರುವುದು ಮೈದಾನದ ಅಂಚಿನಲ್ಲಿ ನಿಂತಿದ್ದ, ಎರಡು ಸಲ ಅಲ್ಲಿಂದ ಹೊರಗೆ ನಡೆಯಬೇಕಾಗಿ ಬಂದ ಒಬ್ಬ ಹಳೆಯ ಡಿಫೆಂಡರ್ ಬಗ್ಗೆ.

ಇಗೊರ್ ಸ್ಟಿಮಾಚ್ 1967ರಲ್ಲಿ ಅಂದಿನ ಯುಗೋಸ್ಲಾವಿಯಾದ ಮೆಟ್ಕೊವಿಚ್ ಎಂಬ ಊರಿನಲ್ಲಿ ಹುಟ್ಟಿದರು. 1987ರಲ್ಲಿ ಚಿಲಿಯಲ್ಲಿ ಯುವಕರ ವಿಶ್ವಕಪ್ ಗೆದ್ದ ಯುಗೋಸ್ಲಾವಿಯಾ ತಂಡದಲ್ಲಿ ಅವರಿದ್ದರು. ಕೆಲವೇ ವರ್ಷಗಳಲ್ಲಿ ಆ ದೇಶವೇ ಒಡೆದುಹೋಯಿತು. 1998ರ ವಿಶ್ವಕಪ್ಪಿನಲ್ಲಿ ಅವರು ಆಡಿದ್ದು ಹೊಸ ದೇಶವಾದ ಕ್ರೊಯೇಷಿಯಾದ ಪರವಾಗಿ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಫ್ರಾನ್ಸ್‌ನ ಎರಡೂ ಗೋಲು ಹೊಡೆದವರು ಲಿಲಿಯಾನ್ ತುರಾಮ್, ಅವರೂ ಡಿಫೆಂಡರೇ! ದೇಶಕ್ಕಾಗಿ 142 ಪಂದ್ಯ ಆಡಿದ ತುರಾಮ್ ಹೊಡೆದ ಗೋಲುಗಳು ಆ ಎರಡು ಮಾತ್ರ. ಕ್ರೊಯೇಷಿಯಾ ಮೂರನೆಯ ಸ್ಥಾನಕ್ಕಾಗಿ ನೆದರ್ಲೆಂಡ್ಸನ್ನು ಸೋಲಿಸಿ ಕಂಚಿನೊಂದಿಗೆ ಮರಳಿತು.

ಕಂಚು ಗೆದ್ದ ಡಿಫೆಂಡರ್ ಮುಂದೆ ಭಾರತದ ಕೋಚ್ ಆಗುವುದು ನಮಗೆ ಹೊಸದಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ನಮ್ಮ ತಂಡದ ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್. 2005ರಲ್ಲಿ ಕರಾಚಿಯಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ ಕೋಚ್ ಆಗಿದ್ದವರೂ ಅವರೇ.

ಸ್ಟಿಮಾಚ್ 2012-13ರಲ್ಲಿ ತಮ್ಮ ದೇಶದ ತಂಡಕ್ಕೆ ಕೋಚ್ ಆಗಿದ್ದು, 2019ರ ಮೇ ತಿಂಗಳಲ್ಲಿ ನಮ್ಮ ತಂಡವನ್ನು ವಹಿಸಿಕೊಂಡರು. ಅದೇ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ತಂಡವನ್ನು ಭಾರತ 0-0ಗೆ ತಡೆದು ನಿಲ್ಲಿಸಿತು. ಛೆಟ್ರಿ ಕಾಯಿಲೆಯಿಂದ ಆಡಿರಲಿಲ್ಲ. ಒಂದೂ ಗೋಲಿಲ್ಲದ ಆ ಪಂದ್ಯವೇ ಸ್ಟಿಮಾಚ್ ಕಾಲದ ಅತ್ಯುತ್ತಮ ಪಂದ್ಯ ಎಂದು ನನ್ನ ಅಭಿಪ್ರಾಯ.

ಈಗ ಬೆಂಗಳೂರಿಗೆ ಬರೋಣ. ಜೂನ್ 21, ಮಳೆ, ಎದುರಾಳಿ ಪಾಕಿಸ್ತಾನ. ಭಾರತ ಮುಂದಿತ್ತು. ಮೊದಲರ್ಧ ಮುಗಿಯುವ ಹೊತ್ತಿಗೆ ಪಾಕಿಸ್ತಾನದ ಅಬ್ದುಲ್ಲಾ ಇಕ್ಬಾಲ್ ಥ್ರೋ-ಇನ್ ಮಾಡಲು ಚೆಂಡೆತ್ತಿದಾಗ ಸ್ಟಿಮಾಚ್ ಅದನ್ನು ಅವರ ಕೈಯಿಂದಲೇ ಕಿತ್ತರು! ತಳ್ಳಾಟವಾಯಿತು, ಕೆಂಪು ಕಾರ್ಡು ಬಂತು. ತಮ್ಮ ಹುಡುಗರಿಗಾಗಿ ಮತ್ತೆ ಹೀಗೇ ಮಾಡುತ್ತೇನೆ ಎಂದು ಅವರು ಆಮೇಲೆ ಹೇಳಿಕೊಂಡರು. ಶಾಲೆಯ ಮಕ್ಕಳು ಹೀಗೆ ಮಾಡಿದ್ದರೆ ನಾವು ಕಿವಿ ಹಿಂಡುತ್ತಿದ್ದೆವು. ಭಾರತ 4-0ಯಿಂದ ಗೆದ್ದಿತು. ಆದರೆ ನೇಪಾಳದ ವಿರುದ್ಧದ ಪಂದ್ಯಕ್ಕೆ ಕೋಚ್ ಇರಲಿಲ್ಲ. ಅವರ ಜಾಗದಲ್ಲಿ ನಿಂತವರು ಸಹಾಯಕ ಕೋಚ್ ಮಹೇಶ್ ಗಾವ್ಲಿ. ಗೋವಾದ ಇವರೂ ಭಾರತಕ್ಕೆ ಆಡಿದ ಡಿಫೆಂಡರ್, ಮಾತು ಕಡಿಮೆ. ಆ ಪಂದ್ಯವನ್ನು ಭಾರತ 2-0ಯಿಂದ ಗೆದ್ದಿತು.

ಜೂನ್ 27ರಂದು ಕುವೈತ್ ಎದುರು ಸ್ಟಿಮಾಚ್ ಮರಳಿದರು, 81ನೇ ನಿಮಿಷದಲ್ಲಿ ಮತ್ತೆ ಕೆಂಪು ಕಾರ್ಡು ಪಡೆದರು. ಭಾರತ 1-0 ಮುಂದಿತ್ತು. ಹೆಚ್ಚುವರಿ ಸಮಯದಲ್ಲಿ ಚೆಂಡನ್ನು ತಡೆಯಲು ಹೋದ ಡಿಫೆಂಡರ್ ಅನ್ವರ್ ಅಲಿಯ ಕಾಲಿಗೆ ತಗುಲಿ ಅದು ನಮ್ಮದೇ ಬಲೆ ಸೇರಿತು. ಪಂದ್ಯ ಸಮವಾಯಿತು. ಈ ಅನ್ವರ್ ಯಾರೆಂದು ನೀವು ತಿಳಿಯಬೇಕು. ಪಂಜಾಬಿನ ಈ ಹುಡುಗನಿಗೆ ಹೃದಯದ ತೊಂದರೆ ಇದೆಯೆಂದು ಫೆಡರೇಷನ್ ಆಟವನ್ನೇ ತಡೆದಿತ್ತು. ಅವರು ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದ್ದರು, ಹೋರಾಡಿ ಮೈದಾನಕ್ಕೆ ಮರಳಿದ್ದರು. ಅಂಥವರ ಕಾಲಿನಿಂದಲೇ ಇದು ಆಗಬೇಕೇ?

ಸ್ಟಿಮಾಚ್‌ಗೆ ಈ ಸಲ ಎರಡು ಪಂದ್ಯಗಳ ನಿಷೇಧ, 500 ಡಾಲರ್ ದಂಡ. ಸೆಮಿಫೈನಲ್ ಮತ್ತು ಫೈನಲ್ ಎರಡೂ ಗಾವ್ಲಿ ಪಾಲಿಗೆ ಬಂದವು. ಜುಲೈ 1ರಂದು ಲೆಬನಾನ್ ಎದುರಿನ ಸೆಮಿಫೈನಲ್‌ನಲ್ಲಿ ಸಂದೇಶ್ ಜಿಂಗನ್ ಕೂಡ ಇಲ್ಲ, ಅವರಿಗೆ ಎರಡು ಹಳದಿ ಕಾರ್ಡುಗಳ ಶಿಕ್ಷೆ. ಆದರೂ 120 ನಿಮಿಷ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಛೆಟ್ರಿಯ ನಂತರ ಚೆಂಡನ್ನಿಟ್ಟವರಲ್ಲಿ ಅನ್ವರ್ ಅಲಿಯೂ ಒಬ್ಬರು. ನಾಲ್ಕು ದಿನದ ಹಿಂದೆ ಸ್ವಂತ ಬಲೆಗೆ ಗೋಲು ಹಾಕಿದ ಆಟಗಾರನನ್ನು ಅಂಥ ಹೊತ್ತಿನಲ್ಲಿ ಕಳಿಸುವುದಕ್ಕೆ ಧೈರ್ಯ ಬೇಕು. ಅನ್ವರ್ ಗೋಲು ಹೊಡೆದರು. ಭಾರತ 4-2ರಿಂದ ಗೆದ್ದಿತು.

ಜುಲೈ 4ರ ಫೈನಲ್‌ನಲ್ಲಿ ಮತ್ತೆ ಕುವೈತ್. 14ನೇ ನಿಮಿಷದಲ್ಲೇ ಅವರ ಗೋಲು, ಮೊದಲರ್ಧದೊಳಗೆ ಛಾಂಗ್ಟೆಯ ಉತ್ತರ. ಮತ್ತೆ ಶೂಟೌಟ್. ಐದೈದು ಹೊಡೆತಗಳ ಬಳಿಕವೂ ಸಮ. ಆರನೆಯದನ್ನು ನಮ್ಮ ನವೊರೆಮ್ ಮಹೇಶ್ ಗೋಲಾಗಿಸಿದರು, ಕುವೈತಿನ ಖಾಲಿದ್ ಹಾಜಿಯಾ ಹೊಡೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದರು. 5-4.

ನಂತರದ ದಿನಗಳು ಒಳ್ಳೆಯವಾಗಿರಲಿಲ್ಲ. 2024ರ ಜನವರಿಯಲ್ಲಿ ಕತಾರಿನ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲನ್ನೂ ಹೊಡೆಯಲಿಲ್ಲ. ವಿಶ್ವಕಪ್ ಅರ್ಹತಾ ಸುತ್ತಿನಿಂದಲೂ ಹೊರಬಿದ್ದ ಮೇಲೆ ಜೂನ್ 17ರಂದು ಸ್ಟಿಮಾಚ್ ಅವರನ್ನು ತೆಗೆದುಹಾಕಲಾಯಿತು. ಬೆಂಗಳೂರಿನ ಗೆಲುವು ಇಂದಿಗೂ ಅವರ ಹೆಸರಿನಲ್ಲೇ ಇದೆ. ಆ ಐದು ಪಂದ್ಯಗಳಲ್ಲಿ ಮೂರಕ್ಕೆ ತಂಡವನ್ನು ನಡೆಸಿದವರು ಮಹೇಶ್ ಗಾವ್ಲಿ.